ಹತ್ತರಲ್ಲಿ ನಾಲ್ಕೂವರೆ

ಆ ದಿನ ಬೆಳಗ್ಗೆ ಬಿದ್ದ ಮಂಜು ಎಂಥದ್ದೆಂದರೆ, ಅಂಗಳದಲ್ಲಿ ನಿಂತವರಿಗೆ ಗೇಟು ಕಾಣುತ್ತಿರಲಿಲ್ಲ. ಗೇಟಿನಲ್ಲಿ ನಿಂತವರು ಮುಂದೆ ರಸ್ತೆಯಿದೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು. ದೇವರು ಲೋಕವನ್ನೆಲ್ಲ ಒರೆಸಿ ಮತ್ತೊಮ್ಮೆ ಬರೆಯಲು ಕೂತಿದ್ದಾನೆ, ಇನ್ನೂ ಮೊದಲ ಗೆರೆ ಎಳೆದಿಲ್ಲ, ಹಾಗಿತ್ತು. ಇಂಥ ಮಂಜಿನಲ್ಲಿ ಆಟೋದವರು ಏಳುವುದಿಲ್ಲ. ಬಸ್ಸಿನವರು ಎದ್ದರೂ ಹೊರಡುವುದಿಲ್ಲ.

ಅಂಗಳದ ನಡುವೆ ತೂಕದ ಸಾಹೇಬರು ಒಂದು ಮರದ ಪೆಟ್ಟಿಗೆಯ ಪಕ್ಕ ನಿಂತಿದ್ದರು. ಅವರು ತೂಕ ಮತ್ತು ಅಳತೆಯ ಕಚೇರಿಯವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ಹಿತ್ತಾಳೆಯ ಮುದ್ರೆ ಒತ್ತುವುದು ಅವರ ಕೆಲಸ. ಮೂವತ್ತೊಂದು ವರ್ಷದಿಂದ ಆ ಮುದ್ರೆ ಅವರ ಜೇಬಿನಲ್ಲೇ ಇತ್ತು. ಜೇಬು ಎಷ್ಟೋ ಸಲ ಬದಲಾಗಿತ್ತು, ಮುದ್ರೆ ಬದಲಾಗಿರಲಿಲ್ಲ. ದಿನವಿಡೀ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿ ಹುಡುಕಿ ಅವರ ನಾಲಿಗೆಯೂ ತಕ್ಕಡಿಯ ಮುಳ್ಳಿನಂತಾಗಿತ್ತು. 'ಹೇಗಿದೀರಿ' ಎಂದು ಯಾರಾದರೂ ಕೇಳಿದರೆ ಮಿಕ್ಕ ಜನ 'ಚೆನ್ನಾಗಿದೀನಿ' ಎಂದು ಮುಂದೆ ಹೋಗುತ್ತಾರೆ. ಇವರು ನಿಂತು, ತಲೆಯಿಂದ ಕಾಲಿನವರೆಗೆ ಒಮ್ಮೆ ವಿಚಾರಿಸಿಕೊಂಡು, ಆಮೇಲೆ ಉತ್ತರ ಕೊಡುತ್ತಿದ್ದರು. ಹಾಗಾಗಿ ಬೀದಿಯವರು ಅವರನ್ನು ಹೇಗಿದೀರಿ ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಪೆಟ್ಟಿಗೆಯಲ್ಲಿದ್ದುದು ಮಾದರಿ ತೂಕಗಳು. ಊರಿನ ಅಂಗಡಿಗಳ ತೂಕದ ಬಟ್ಟುಗಳನ್ನೆಲ್ಲ ಹೋಲಿಸಿ ನೋಡುವುದು ಇವುಗಳೊಂದಿಗೆ. ಇವುಗಳನ್ನು ವರ್ಷಕ್ಕೊಮ್ಮೆ ದೊಡ್ಡ ಕಚೇರಿಗೆ ಒಯ್ದು ಅಲ್ಲಿನ ತೂಕಗಳೊಂದಿಗೆ ಹೋಲಿಸಬೇಕು. ಆ ದಿನ ಹನ್ನೆರಡು ಗಂಟೆಯೇ ಕೊನೆ. ತಪ್ಪಿದರೆ ಮುದ್ರೆ ಪಕ್ಕದ ಮೇಜಿನವನ ಕೈಗೆ ಹೋಗುತ್ತಿತ್ತು. ಪಕ್ಕದ ಮೇಜಿನವನು ಹಣ್ಣಿನಂಗಡಿಯ ತಕ್ಕಡಿಯನ್ನು ಹಣ್ಣಿನ ರುಚಿ ನೋಡಿ ಪರೀಕ್ಷಿಸುವಂಥವನು. ಸಾಹೇಬರ ನಿವೃತ್ತಿಗೆ ಉಳಿದಿದ್ದುದು ಎರಡು ತಿಂಗಳು ಇಪ್ಪತ್ತು ದಿನ. ಕೊನೆಯ ದಿನ ಸಂಜೆಯವರೆಗೂ ಮುದ್ರೆ ತಮ್ಮ ಜೇಬಿನಲ್ಲೇ ಇರಬೇಕು ಎಂಬುದೊಂದನ್ನು ಬಿಟ್ಟು ದೇವರಲ್ಲಿ ಅವರು ಬೇರೇನೂ ಕೇಳಿರಲಿಲ್ಲ.

ಕಚೇರಿಯ ಜೀಪು ಕಳೆದ ತಿಂಗಳಿಂದ ಇಟ್ಟಿಗೆಗಳ ಮೇಲೆ ಕೂತಿತ್ತು. ಅಂಗಳದಲ್ಲಿ ಮಾತ್ರ ಒಂದು ಕಾರು ನಿಂತಿತ್ತು. ಅದು ಬೀಗರದ್ದು, ಮಗಳ ಮಾವನವರದ್ದು. ಟೈಲ್ಸ್ ಅಂಗಡಿಯ ಮಾಲೀಕರಾದ ಅವರು ಅದನ್ನು ಹೊರದೇಶದಿಂದ ಹಡಗಿನಲ್ಲಿ ತರಿಸಿದ್ದರು. ತಮ್ಮ ಮನೆಯ ಶೆಡ್ಡಿನ ಚಾವಣಿ ಬದಲಿಸುವವರೆಗೆ ಇಲ್ಲಿರಲಿ ಎಂದು ಬಿಟ್ಟು, "ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿಡಿ ಬೀಗರೇ, ಬ್ಯಾಟರಿ ಮಲಗಿಬಿಡುತ್ತೆ" ಎಂದು ಕೀಲಿ ಕೊಟ್ಟಿದ್ದರು.

"ಸ್ಟಾರ್ಟ್ ಮಾಡಿ ಅಂದಿದಾರೆ. ಓಡಿಸಿ ಅಂದಿಲ್ಲ," ಎಂದರು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

"ಹತ್ತು ನಿಮಿಷ ಸ್ಟಾರ್ಟ್ ಮಾಡಿಡಬೇಕು ಅಂದಿದಾರೆ. ನಿಂತೇ ಇರಬೇಕು ಅಂತಲೂ ಅಂದಿಲ್ಲ ಕಣೇ."

"ಮಗಳು ಬಾಳ್ವೆ ಮಾಡ್ತಿರೋ ಮನೆ ಅದು. ಒಂದು ಗೀರು ಬಿದ್ರೂ ನಾನು ಆ ಮನೆ ಹೊಸಿಲು ತುಳಿಯೋ ಹಾಗಿಲ್ಲ. ನೆನಪಿಟ್ಕೊಳ್ಳಿ."

ಸಾಹೇಬರು ಪೆಟ್ಟಿಗೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಕಾರು ಟಿಣ್ ಟಿಣ್ ಎನ್ನತೊಡಗಿತು. ಪಕ್ಕದಲ್ಲಿ ಯಾರೋ ಬೆಲ್ಟು ಹಾಕದೆ ಕೂತಿದ್ದಾರೆಂದು ಅದರ ದೂರು. ಬಾಗಿಲು ತೆಗೆದು ಮತ್ತೆ ಮುಚ್ಚಿದರೂ ನಿಲ್ಲಲಿಲ್ಲ. ಕೊನೆಗೆ ಸಾಹೇಬರು ಪೆಟ್ಟಿಗೆಗೆ ಬೆಲ್ಟು ತೊಡಿಸಿದರು. ಕಾರು ಸಮಾಧಾನದಿಂದ ಸುಮ್ಮನಾಯಿತು. ಎಲ್ಲ ತೊಂದರೆಗೂ ಮೂಲ ಆ ಬೆಲ್ಟು.

ಮಂಜಿನಲ್ಲಿ ಇರುವೆಯಂತೆ ತೆವಳುತ್ತ ಅವರು ನೀರಿನ ಟ್ಯಾಂಕಿನವರೆಗೂ ಬಂದರು. ಅಲ್ಲೊಂದು ರಸ್ತೆಯುಬ್ಬು ಇತ್ತು. ಅದನ್ನು ಹಾಕಿದವರು ಕೆಲಸ ಮುಗಿದ ಮೇಲೂ ಉಳಿದ ಜಲ್ಲಿಯನ್ನು ಅಲ್ಲೇ ಸುರಿದು ಹೋಗಿದ್ದರು. ಪಕ್ಕದ ಸೈಕಲ್ ಶಾಪಿನವನ ಸಂಸಾರ ನಡೆಯುತ್ತಿದ್ದುದೇ ಆ ಉಬ್ಬಿನಿಂದ. ಕಾರು ಹತ್ತಿತು, ಇಳಿಯಿತು. ಪೆಟ್ಟಿಗೆ ಒಮ್ಮೆ ಮೇಲಕ್ಕೆದ್ದು ಧಡ್ ಎಂದು ಕೂತಿತು. ಕಾರು ಹುಟ್ಟಿದ ದೇಶದಲ್ಲಿ ಇಂಥ ಉಬ್ಬು ಇರಲಿಲ್ಲವೋ ಏನೋ, ತನಗೆ ಅಪಘಾತವಾಯಿತೆಂದೇ ಅದು ತಿಳಿಯಿತು. ಇಂಜಿನ್ ನಿಂತಿತು. ನಾಲ್ಕೂ ದೀಪ ಮಿನುಗತೊಡಗಿದವು. ಹಾರ್ನು ತಾನಾಗಿ ಮೂರು ಸಲ ಕೂಗಿತು. ಆಮೇಲೆ ಕಾರಿನ ಚಾವಣಿಯಿಂದ ಒಂದು ಹೆಣ್ಣುದನಿ ಕೇಳಿಸಿತು.

"ನಮಸ್ಕಾರ ಸರ್. ತುರ್ತು ಸಹಾಯ ಕೇಂದ್ರದಿಂದ ಮಾತಾಡ್ತಿದೀನಿ. ನಿಮ್ಮ ಗಾಡಿಗೆ ಅಪಘಾತ ಆಗಿದೆ ಅಂತ ಗಾಡಿಯೇ ತಿಳಿಸಿದೆ. ನೀವು ಚೆನ್ನಾಗಿದೀರಾ?"

ಎಷ್ಟೋ ವರ್ಷದ ಮೇಲೆ ಒಬ್ಬರು ಆ ಪ್ರಶ್ನೆ ಕೇಳಿದ್ದರು. ಸಾಹೇಬರು ಚಾವಣಿಯ ಕಡೆ ಮುಖವೆತ್ತಿ, ಯೋಚಿಸಿ ಹೇಳಿದರು: "ಪೂರ್ತಿ ಚೆನ್ನಾಗಿದೀನಿ ಅಂತ ಹೇಳೋಕಾಗಲ್ಲ ತಾಯಿ."

"ಎಲ್ಲಿ ನೋವಿದೆ ಸರ್?"

"ಎಡಗಡೆ ಮಂಡಿ, ಬಲಗಡೆ ಹೆಗಲು. ಸೊಂಟದಲ್ಲೂ ಸ್ವಲ್ಪ."

"ಹತ್ತರಲ್ಲಿ ಎಷ್ಟು ನೋವು ಅಂತ ಹೇಳ್ತೀರಾ?"

"ಮೂರೂ ಸೇರಿಸಿಯೋ, ಬೇರೆ ಬೇರೆಯೋ?"

"ಸೇರಿಸಿ ಹೇಳಿ ಸರ್."

"ನಾಲ್ಕೂವರೆ."

"ಕಂಪ್ಯೂಟರು ಅರ್ಧ ತಗೊಳ್ಳಲ್ಲ. ಐದು ಅಂತ ಹಾಕ್ಲಾ?"

"ಐದಿಲ್ಲ ತಾಯಿ."

"ಹಾಗಾದ್ರೆ ನಾಲ್ಕು."

"ನಾಲ್ಕಕ್ಕಿಂತ ಜಾಸ್ತಿ ಇದೆ."

ಆ ಕಡೆ ಕೀಲಿಮಣೆ ಟಕಟಕ ಎಂದಿತು. ಆಮೇಲೆ ದನಿ ಮೆತ್ತಗಾಯಿತು. "ಸರ್, ನಿಮ್ಮ ಪಕ್ಕದಲ್ಲಿ ಬೆಲ್ಟು ಹಾಕ್ಕೊಂಡು ಒಬ್ರು ಕೂತಿದಾರೆ. ಅವರು ಯಾಕೆ ಮಾತಾಡ್ತಿಲ್ಲ?"

"ಅವರಲ್ಲ, ಅದು ಪೆಟ್ಟಿಗೆ."

"ಗಾಬರಿ ಆಗ್ಬೇಡಿ ಸರ್. ಪೆಟ್ಟು ಬಿದ್ದಾಗ ಹೀಗೆಲ್ಲ ಅನ್ನಿಸುತ್ತೆ. ಹೋದ ವಾರ ಒಬ್ರು ಪಕ್ಕದಲ್ಲಿದ್ದ ಹೆಂಡತೀನ ಅಕ್ಕಿಮೂಟೆ ಅಂತ ಸಾಧಿಸ್ತಿದ್ರು. ಅವರ ತೂಕ ಎಷ್ಟಿರಬಹುದು, ಅಂದಾಜು?"

ಅಂದಾಜು ಎಂಬ ಮಾತು ಸಾಹೇಬರಿಗೆ ಹಿಡಿಸಲಿಲ್ಲ. "ನಲವತ್ತೊಂದು ಕಿಲೋ ಇನ್ನೂರು ಗ್ರಾಂ," ಎಂದರು.

"ವಯಸ್ಸಾದವರಾ?"

"ನಾನು ಕೆಲಸಕ್ಕೆ ಸೇರೋಕೆ ಮುಂಚಿಂದಲೂ ಇದೆ."

"ಉಸಿರಾಡ್ತಿದಾರಾ ಸರ್?"

"ಪೆಟ್ಟಿಗೆ ಹೇಗೆ ತಾಯಿ ಉಸಿರಾಡುತ್ತೆ?"

"ಗಾಡಿ ಕಳಿಸಿದೀನಿ ಸರ್. ಅವರನ್ನ ಅಲುಗಾಡಿಸಬೇಡಿ. ನಿಮ್ಮ ಮನೆ ಬಾಗಿಲಿಗೇ ಬರುತ್ತೆ."

"ನಾನು ಮನೇಲಿಲ್ಲ. ನೀರಿನ ಟ್ಯಾಂಕಿನ ಹತ್ರ ಇದೀನಿ."

"ನಮ್ಮ ಪರದೆಯಲ್ಲಿ ನೀವು ಮನೇಲೇ ಇದೀರಿ ಸರ್," ಎಂದಿತು ದನಿ, ಮಗುವನ್ನು ಮಲಗಿಸುವಂತೆ.

ಹೊರದೇಶದ ಆ ಯಂತ್ರಕ್ಕೆ ಇಲ್ಲಿನ ಬೀದಿಗಳ ಗುರುತು ಹತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದ ವಿಳಾಸ ಒಂದೇ, ಕೊಳ್ಳುವಾಗ ಬರೆಸಿದ್ದು. ಅದು ಬೀಗರ ಮನೆ.

ಅಷ್ಟರಲ್ಲಿ ಹಾರ್ನು ಕೇಳಿ ಸೈಕಲ್ ಶಾಪಿನವನು ಬಂದ. ಬೆಳಗಿನ ನಡಿಗೆಗೆ ಹೊರಟಿದ್ದ ನಿವೃತ್ತ ಕಾಂಪೌಂಡರರೂ ಮಂಜಿನಿಂದ ಮೂಡಿ ಬಂದರು. ಸೈಕಲ್ ಶಾಪಿನವನು ಬಾನೆಟ್ಟು ಎತ್ತಿ ನೋಡಿ, "ಇದ್ರಲ್ಲಿ ಚೈನೇ ಇಲ್ವಲ್ಲ ಸಾಹೇಬ್ರೇ" ಎಂದು ಮುಚ್ಚಿದ. ಕಾಂಪೌಂಡರರು ಸಾಹೇಬರ ಕೈ ಹಿಡಿದು ನಾಡಿ ನೋಡತೊಡಗಿದರು.

"ನನಗೇನೂ ಆಗಿಲ್ಲ ಕಾಂಪೌಂಡ್ರೇ. ಈ ಪೆಟ್ಟಿಗೆ ದೊಡ್ಡ ಕಚೇರಿಗೆ ಹೋಗ್ಬೇಕು. ಹನ್ನೆರಡರೊಳಗೆ."

"ಏನೂ ಆಗಿಲ್ಲ ಅನ್ನೋರದ್ದೇ ಒಳಗೆ ಜಾಸ್ತಿ ಆಗಿರುತ್ತೆ. ನಾಲಿಗೆ ಚಾಚಿ."

ಸೈಕಲ್ಲಿನ ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿ ನೋಡಿದರು. ಸೈಕಲ್ಲು ಎರಡು ಗಾಲಿಯ ಮೇಲಿಂದ ಒಂದರ ಮೇಲೆ ಎದ್ದು ನಿಂತಿತು. ಮಂಜು ಕರಗಿ ಬಿಸಿಲು ಬಂತು. ಗಂಟೆ ಹತ್ತಾಯಿತು, ಹನ್ನೊಂದಾಯಿತು. ಒಂದು ಆಟೋ ಬಂದು ನಿಂತಿತಾದರೂ ಚಾವಣಿಯಿಂದ ಬರುತ್ತಿದ್ದ "ಧೈರ್ಯವಾಗಿರಿ ಸರ್" ಎಂಬ ಮಾತು ಕೇಳಿ ಹಾಗೇ ಮುಂದೆ ಹೋಯಿತು.

ಹನ್ನೊಂದೂಕಾಲಿಗೆ ಆಂಬುಲೆನ್ಸ್ ಬಂತು. ಅದರ ಮುಂದಿನ ಸೀಟಿನಿಂದ ಮೊದಲು ಇಳಿದವರು ಬೀಗರು.

ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಂಪರು ಸವರಿ, ದೀಪ ನೋಡಿ, ಆಮೇಲೆ ಕೇಳಿದರು: "ನೀವು ಹೇಗಿದೀರಿ ಬೀಗರೇ?"

ಸಾಹೇಬರು ಜೀವನದಲ್ಲಿ ಮೊದಲ ಬಾರಿಗೆ "ಚೆನ್ನಾಗಿದೀನಿ" ಎಂದರು.

"ನಮ್ಮನೆ ಮುಂದೆ ಆಂಬುಲೆನ್ಸ್ ನಿಂತಿದ್ದು ಕಂಡು ಚಾವಣಿ ಮೇಲಿದ್ದ ಕೆಲಸದವರೆಲ್ಲ ಇಳಿದು ಬಂದ್ಬಿಟ್ರು, ಯಾರು ಹೋದ್ರು ಅಂತ. ನಾನು ಚೆನ್ನಾಗೇ ಇದೀನಿ ಅಂದ್ರೂ ಇವರು ನನ್ನ ಮಲಗಿಸೋಕೆ ನೋಡ್ತಾರೆ. ಆಮೇಲೆ ಬೀಗಿತ್ತಿಗೆ ಫೋನ್ ಮಾಡಿ ದಾರಿ ತಿಳ್ಕೊಂಡ್ವಿ. ನೀವೇನೂ ಯೋಚನೆ ಮಾಡ್ಬೇಡಿ, ಯಾರ್ಯಾರಿಗೆ ಹೇಳ್ಬೇಕೋ ಎಲ್ಲರಿಗೂ ನಾನೇ ಹೇಳಿದೀನಿ." ಬೀಗರು ದನಿ ತಗ್ಗಿಸಿದರು. "ಓಡಿಸಿದ್ರ ಬಗ್ಗೆ ಆಮೇಲೆ ಮಾತಾಡೋಣ."

ಆಂಬುಲೆನ್ಸಿನ ಸಹಾಯಕ ಒಂದು ಕಾಗದ ಹಿಡಿದು ಬಂದ. "ಇಬ್ಬರು ರೋಗಿಗಳು ಅಂತಿದೆ. ಇನ್ನೊಬ್ಬರೆಲ್ಲಿ?"

"ಈ ಪೆಟ್ಟಿಗೇನೇ," ಎಂದರು ಸಾಹೇಬರು. "ಇದನ್ನ ದಾರೀಲಿ ದೊಡ್ಡ ಕಚೇರಿ ಹತ್ರ ಇಳಿಸ್ತೀರಾ? ನಿಮ್ಮ ಆಸ್ಪತ್ರೆ ಎದುರಿಗೇ ಇದೆ."

"ಸಾಮಾನು ಸಾಗಿಸೋ ಹಾಗಿಲ್ಲ ಸರ್. ರೋಗಿಗಳಿಗೆ ಮಾತ್ರ. ಬರೀ ನೀವಾದ್ರೆ ಬನ್ನಿ." ಸಹಾಯಕ ಪೆಟ್ಟಿಗೆಯನ್ನು ನೋಡಿದ, ಕಾಗದವನ್ನು ನೋಡಿದ. "ಇಬ್ಬರು ಅಂತ ಬಂದು ಒಬ್ಬರನ್ನ ಕರ್ಕೊಂಡು ಹೋದ್ರೆ ನನಗೂ ಹತ್ತು ಕಾಗದ ಬರೆಯೋ ಕೆಲಸ. ಇಬ್ಬರು ಅಂತಲೇ ಸಹಿ ಹಾಕಿದ್ರೆ ಇಬ್ಬರನ್ನೂ ಹಾಕ್ಕೊಳ್ತೀನಿ. ನಿಮ್ಮಿಷ್ಟ."

ಸಾಹೇಬರ ಮನಸ್ಸು ತಕ್ಕಡಿಯ ಮುಳ್ಳಿನಂತೆ ಆ ಕಡೆ ಈ ಕಡೆ ತೂಗಿತು. ಒಂದು ತಟ್ಟೆಯಲ್ಲಿ ಮೂವತ್ತೊಂದು ವರ್ಷದ ಸತ್ಯ, ಇನ್ನೊಂದರಲ್ಲಿ ಎರಡು ತಿಂಗಳು ಇಪ್ಪತ್ತು ದಿನ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ದೇವರು ಇಂಥ ಹೊತ್ತಿನಲ್ಲಿ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾನೆ ಎಂದು ಕೆಲವರು ಹೇಳುತ್ತಾರೆ. ಆಗಲೇ ಅವನು ಕಣ್ಣು ಕಿರಿದು ಮಾಡಿ ನೋಡುವುದು ಎಂದು ಬೇರೆ ಕೆಲವರು. ಸಾಹೇಬರು ಸಹಿ ಹಾಕಿದರು.

ಪೆಟ್ಟಿಗೆಯನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಪಟ್ಟಿ ಬಿಗಿದರು. ಸಾಹೇಬರು ಅದರ ಪಕ್ಕ ಕೂತು ಒಂದು ಕೈ ಅದರ ಮೇಲಿಟ್ಟುಕೊಂಡರು. ಅದನ್ನು ಕಂಡು ಕಾಂಪೌಂಡರರು ಯಾಕೋ ಟೋಪಿ ತೆಗೆದರು.

ಆಸ್ಪತ್ರೆಯ ಬಾಗಿಲಲ್ಲಿ ಸಾಹೇಬರಿಗೆಂದು ಒಂದು ಗಾಲಿಕುರ್ಚಿ ಬಂತು. ಸಹಾಯಕ ಚೀಟಿ ಬರೆಸಲು ಒಳಗೆ ಹೋದ. ಸಾಹೇಬರು ಪೆಟ್ಟಿಗೆಯನ್ನು ಕುರ್ಚಿಗೆ ಎಳೆದುಕೊಂಡು, ತಳ್ಳಿಕೊಂಡು ರಸ್ತೆ ದಾಟಿದರು. ಅತ್ತಿತ್ತ ಬರುತ್ತಿದ್ದ ಗಾಡಿಗಳೆಲ್ಲ ನಿಂತು ದಾರಿ ಬಿಟ್ಟವು. ದೊಡ್ಡ ಕಚೇರಿಯ ಮೆಟ್ಟಿಲ ಬಳಿ ಬಂದಾಗ ಹನ್ನೆರಡಕ್ಕೆ ಇನ್ನೂ ಏಳು ನಿಮಿಷವಿತ್ತು.

ಪರೀಕ್ಷೆಯ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ದೊಡ್ಡ ತಕ್ಕಡಿಯಲ್ಲಿ ಒಂದೊಂದೇ ತೂಕವನ್ನು ಇಟ್ಟು ನೋಡಿದರು. ಬೆಳಗಿನಿಂದ ಅಷ್ಟೆಲ್ಲ ಕುಣಿದಿದ್ದರೂ ಒಂದರಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸಾಹೇಬರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೈಮುಗಿದರು.

ಮೇಲಧಿಕಾರಿಗಳು ಅವರನ್ನು ಕೋಣೆಗೆ ಕರೆದು, ತಾವೇ ಎದ್ದು ಕುರ್ಚಿ ಎಳೆದು ಕೂರಿಸಿದರು. ಅವರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು.

"ಇಂಥ ಸ್ಥಿತೀಲೂ ಪೆಟ್ಟಿಗೆ ತಂದಿದೀರಲ್ಲ. ನಿಮ್ಮಂಥವರು ಇನ್ನೆಲ್ಲಿ ಸಿಗ್ತಾರೆ?"

"ಎಂಥ ಸ್ಥಿತಿ ಸರ್?"

"ನಿಮ್ಮ ಬೀಗರು ಹತ್ತು ಗಂಟೆಗೇ ಫೋನ್ ಮಾಡಿದ್ರು. ದೊಡ್ಡ ಅಪಘಾತ, ಇನ್ನೊಬ್ಬರಿಗೆ ಉಸಿರೇ ಇಲ್ಲ ಅಂತ. ಕೂಡಲೇ ಮೇಲಿನವರ ಹತ್ರ ಮಾತಾಡಿ ಮೂರು ತಿಂಗಳು ಸಂಬಳ ಸಮೇತ ರಜೆ ಮಂಜೂರು ಮಾಡಿಸಿದೀನಿ. ಕೆಲಸ ನಿಲ್ಲಬಾರದಲ್ಲ, ಮುದ್ರೆ ನಿಮ್ಮ ಪಕ್ಕದ ಮೇಜಿನವರಿಗೆ ಅಂತ ಆದೇಶ ಆಗಿದೆ."

ಸಾಹೇಬರು ಎದ್ದು ನಿಂತರು. "ಸರ್, ಅಪಘಾತವೇ ಆಗಿಲ್ಲ. ಕಾರು ಉಬ್ಬು ಹತ್ತಿ ಇಳೀತು, ಅಷ್ಟೇ. ಇನ್ನೊಬ್ಬರು ಅಂದ್ರೆ ಈ ಪೆಟ್ಟಿಗೆ."

ಮೇಲಧಿಕಾರಿಗಳು ಕನಿಕರದಿಂದ ನಕ್ಕು, ಮೇಜಿನ ಮೇಲಿದ್ದ ಕಾಗದವನ್ನು ಅವರ ಕಡೆ ತಿರುಗಿಸಿದರು. ಎದುರಿನ ಆಸ್ಪತ್ರೆಯವರು ಕುರ್ಚಿ ಹುಡುಕುತ್ತ ಬಂದು ಆಗತಾನೆ ಕೊಟ್ಟುಹೋಗಿದ್ದರು. ರೋಗಿಗಳು ಇಬ್ಬರು, ಇಬ್ಬರೂ ಗಾಲಿಕುರ್ಚಿ ಸಮೇತ ಕಾಣೆ. ಕೆಳಗೆ ಸಾಹೇಬರ ಸಹಿ, ಎಂದಿನಂತೆ ದುಂಡಗೆ, ಸ್ಪಷ್ಟವಾಗಿ.

"ಬೇರೆ ಯಾರದ್ದೇ ಸಹಿ ಆಗಿದ್ರೂ ವಿಚಾರಿಸ್ತಿದ್ದೆ," ಎಂದರು ಅವರು. "ನೀವು ಇಲ್ಲದ್ದನ್ನ ಇದೆ ಅಂತ ಬರೆಯೋ ಮನುಷ್ಯರಲ್ಲ ಅನ್ನೋದು ಇಡೀ ಇಲಾಖೆಗೆ ಗೊತ್ತು. ಮನೆಗೆ ಹೋಗಿ, ವಿಶ್ರಾಂತಿ ತಗೊಳ್ಳಿ."

ಸಾಹೇಬರು ತಮ್ಮದೇ ಸಹಿಯನ್ನು ಮತ್ತೊಮ್ಮೆ ಓದಿದರು. ಆಗ ಅವರ ಜೇಬಿನ ಫೋನು ಸದ್ದು ಮಾಡಿತು.

"ನಮಸ್ಕಾರ ಸರ್. ಬೆಳಗ್ಗೆ ಮಾತಾಡಿದ್ನಲ್ಲ, ತುರ್ತು ಸಹಾಯ ಕೇಂದ್ರ. ನಿಮ್ಮ ಬೀಗರು ನಂಬರು ಕೊಟ್ರು. ಈಗ ಹೇಗಿದೆ? ಹತ್ತರಲ್ಲಿ ಎಷ್ಟು ಅಂತ ಹಾಕ್ಕೊಳ್ಳಲಿ?"

ಸಾಹೇಬರು ಮಂಡಿಯನ್ನು ವಿಚಾರಿಸಲಿಲ್ಲ, ಹೆಗಲನ್ನು ವಿಚಾರಿಸಲಿಲ್ಲ.

"ನಿಮ್ಮ ಕಂಪ್ಯೂಟರಿಗೆ ಎಷ್ಟು ಸಲೀಸೋ ಅಷ್ಟು ಹಾಕ್ಕೊಳ್ಳಿ ತಾಯಿ," ಎಂದು ಫೋನು ಇಟ್ಟರು.

ಆಮೇಲೆ ಒಳಜೇಬಿಗೆ ಕೈ ಹಾಕಿ ಕರವಸ್ತ್ರದ ಗಂಟು ಬಿಚ್ಚಿದರು. ಹಿತ್ತಾಳೆಯ ಮುದ್ರೆಯನ್ನು ಅಂಗಿಯ ತುದಿಯಿಂದ ಒಮ್ಮೆ ಒರೆಸಿ, ಸದ್ದಾಗದಂತೆ ಮೇಜಿನ ಮೇಲಿಟ್ಟರು.