ಕಣ್ಣಾರೆ ಕಾಣದ ಗೋಲು

ಊರಿನವರ ಕಣ್ಣಿಗೆಲ್ಲ ಕನ್ನಡಕ ಕೊಡುವ ಕನ್ನಡಕದಂಗಡಿಯವರಿಗೆ ತಮ್ಮ ಸ್ವಂತ ಮಗಳು ಹೊಡೆದ ಒಂದೇ ಒಂದು ಗೋಲೂ ಕಣ್ಣಿಗೆ ಬಿದ್ದಿರಲಿಲ್ಲ. ಹಾಗಂತ ಫುಟ್‌ಬಾಲ್ ಮೈದಾನಕ್ಕೆ ಹೋಗುತ್ತಿರಲಿಲ್ಲವೆಂದಲ್ಲ. ಒಂದು ಭಾನುವಾರವೂ ತಪ್ಪಿಸಿದವರಲ್ಲ. ಮೊದಲ ಗೋಲು ಬಿದ್ದಾಗ ಯಾರದೋ ಮಗುವಿನ ಶೂ ಲೇಸು ಕಟ್ಟುತ್ತಿದ್ದರು. ಇನ್ನೊಂದು ಬಿದ್ದಾಗ ತಂಡಕ್ಕೆಲ್ಲ ಕಿತ್ತಳೆ ಸುಲಿಯುತ್ತಿದ್ದರು. ಮತ್ತೊಂದರ ಹೊತ್ತಿಗೆ ಗಿರಾಕಿಯೊಬ್ಬರು ಫೋನು ಮಾಡಿ, ತಮ್ಮ ಕನ್ನಡಕ ಎಲ್ಲಿದೆಯೆಂದು ಇವರನ್ನೇ ವಿಚಾರಿಸುತ್ತಿದ್ದರು.

ಮಗಳೋ ಸುಮ್ಮನೆ ಬಿಡುವವಳಲ್ಲ. ಕಾರು ಹತ್ತಿದ ತಕ್ಷಣ ಪರೀಕ್ಷೆ.

"ಅಪ್ಪಾ, ನೋಡಿದ್ಯಾ?"

"ಓ, ನೋಡದೆ! ಏನು ಹೊಡೆತ ಅದು!"

"ಯಾವ ಕಾಲಲ್ಲಿ ಹೊಡೆದೆ ಹೇಳು?"

"ಬಲಗಾಲು."

"ತಲೆಯಲ್ಲಿ ಹೊಡೆದಿದ್ದು!"

ಆಮೇಲೆ ಹಿಂದಿನ ಸೀಟಿನಲ್ಲಿ ಶಾಲಿನ ಮುಸುಕು ಹಾಕಿಕೊಂಡು ಕೂತರೆ ಮನೆ ಮುಟ್ಟುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ಅಪ್ಪನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ.

ಇವತ್ತು ಈ ವರ್ಷದ ಕೊನೆಯ ಪಂದ್ಯ. ಮನೆಯಲ್ಲಿ ಊಟದ ಕುರ್ಚಿಗಳ ಬೆನ್ನ ಮೇಲೆಲ್ಲ ಮಗನ ಈಜುಡುಗೆ, ಕಿಟಕಿಯಲ್ಲಿ ಮಗಳ ಕೆಸರು ಬೂಟು, ಒಂದು ಕಾಲುಚೀಲಕ್ಕೂ ಜೊತೆಯಿಲ್ಲ. ಮಗನನ್ನು ಈಜಿನ ಸ್ಪರ್ಧೆಗೆ ಎಳೆದುಕೊಂಡು ಹೊರಟಿದ್ದ ಹೆಂಡತಿ ಬಾಗಿಲಲ್ಲೇ ನಿಂತು ಎಚ್ಚರಿಸಿದಳು. "ಇವತ್ತಾದ್ರೂ ಆ ಮಗು ಆಡೋದನ್ನ ನೋಡ್ರಿ. ಫೋನು ಮುಟ್ಬೇಡಿ. ಯಾರ ಲೇಸೂ ಕಟ್ಬೇಡಿ."

ಕನ್ನಡಕದಂಗಡಿಯವರು ಒಂದು ಹೆಜ್ಜೆ ಮುಂದೆ ಹೋಗಿ ಫೋನನ್ನು ಮನೆಯಲ್ಲೇ ಬಿಟ್ಟರು.

ಮಹಡಿ ಮನೆಯವರ ಹುಡುಗಿ ಅದೇ ತಂಡದ ಗೋಲ್‌ಕೀಪರ್. ಒಂದು ವಾರ ಅವರ ಕಾರು, ಒಂದು ವಾರ ಇವರ ಕಾರು. ಇವತ್ತು ಇವರ ಸರದಿ. ಆ ಹುಡುಗಿ ಹಿಂದಿನ ಸೀಟಿನಲ್ಲಿ ಜಾಕೆಟ್ ಹೊದ್ದು ಮಲಗಿದರೆ ಮೈದಾನ ಬರುವವರೆಗೂ ಏಳುವವಳಲ್ಲ. ಇವತ್ತು ಚೀಲವನ್ನೂ ಜಾಕೆಟ್ಟನ್ನೂ ಸೀಟಿಗೆ ಎಸೆದವಳು, ಗ್ಲೌಸ್ ಮರೆತದ್ದು ನೆನಪಾಗಿ ಮತ್ತೆ ಮಹಡಿಗೆ ಓಡಿದ್ದಳು. ಅಷ್ಟು ಹೊತ್ತೂ ಕನ್ನಡಕದಂಗಡಿಯವರ ತಲೆ ಡಿಕ್ಕಿಯೊಳಗಿತ್ತು. ಮಗಳು ಮುಂದಿನ ಸೀಟಿನಲ್ಲಿ ಬಗ್ಗಿ ಶೂ ಕಟ್ಟುತ್ತಿದ್ದಳು. ಡಿಕ್ಕಿ ಮುಚ್ಚಿ ಬಂದವರು ಹಿಂದಿನ ಸೀಟು ನೋಡಿದರು. ಜಾಕೆಟ್ಟು ಉಬ್ಬಿಕೊಂಡಿತ್ತು.

"ಪಾಪ, ಆಗ್ಲೇ ನಿದ್ದೆ. ಮೆಲ್ಲಗೆ ಮಾತಾಡು," ಅಂದು ಕಾರು ಬಿಟ್ಟರು.

ದಾರಿಯುದ್ದಕ್ಕೂ ಅಪ್ಪ ಮಗಳು ಪಿಸುಗುಟ್ಟಿಕೊಂಡೇ ಹೋದರು. ಗುಂಡಿ ಬಂದಲ್ಲೆಲ್ಲ ಕಾರು ನಡುಬಗ್ಗಿದ ಅಜ್ಜಿಯ ಹಾಗೆ ಇಳಿದು ಹತ್ತಿತು. ಮೈದಾನ ಬಂದಾಗ "ಏಳಮ್ಮಾ" ಎಂದು ಜಾಕೆಟ್ ಎಳೆದರೆ ಕೆಳಗಿದ್ದದ್ದು ಚೀಲ.

"ಅಯ್ಯಯ್ಯೋ!"

ಕೋಚ್ ತಮ್ಮ ಫೋನಿನಿಂದ ಮಹಡಿ ಮನೆಗೆ ಕರೆ ಮಾಡಿದರು. "ಅವರ ಕಾರು ಕೆಟ್ಟಿದೆಯಂತೆ ಸಾರ್. ಟ್ಯಾಕ್ಸಿ ಹುಡುಕ್ತಿದಾರೆ. ಆ ಅಮ್ಮ ತುಂಬಾ ಸಿಟ್ಟಲ್ಲಿದಾರೆ," ಅಂದು ತಂಡದ ಕಡೆ ಕಣ್ಣಾಡಿಸಿದರು. "ಇದ್ದಿದ್ರಲ್ಲಿ ಎತ್ತರ ನಿಮ್ಮ ಮಗಳೇ. ಅವಳೇ ಗೋಲಲ್ಲಿ ನಿಲ್ಲಲಿ."

ಕನ್ನಡಕದಂಗಡಿಯವರು ಹಣೆ ಚಚ್ಚಿಕೊಂಡರು. ಗೋಲು ಕಾಯುವವಳು ಗೋಲು ಹೊಡೆಯುವುದು ಎಲ್ಲಿಂದ ಬಂತು?

ಮಗಳು ಮುಖ ಊದಿಸಿಕೊಂಡೇ ಕೇಳಿದಳು. "ಹೋಗ್ಲಿ, ನಾನು ತಡೆಯೋದನ್ನಾದ್ರೂ ನೋಡ್ತೀಯಾ?"

"ಕಣ್ಣು ಮಿಟುಕಿಸಲ್ಲ ಕಣಮ್ಮಾ!"

ಮಾತಿಗೆ ತಪ್ಪಲಿಲ್ಲ. ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತರು. ಪಕ್ಕದಲ್ಲಿ ನಿಂತಿದ್ದ ತಾತ "ಹೇಗೂ ಸಿಕ್ಕಿದ್ರಿ, ಇದರ ಕಾಲು ಸಡಿಲ ಆಗಿದೆ ನೋಡಿ," ಎಂದು ತಮ್ಮ ಕನ್ನಡಕ ಚಾಚಿದರು. ಕನ್ನಡಕದಂಗಡಿಯವರು ತಿರುಗದೆಯೇ ಅಂಗೈ ಒಡ್ಡಿ ಇಸಕೊಂಡು, ಜೇಬಿನ ಪುಟ್ಟ ಸ್ಕ್ರೂಡ್ರೈವರಿನಿಂದ ಬೆರಳ ಅಂದಾಜಿನಲ್ಲೇ ಬಿಗಿಮಾಡಿ, ತಿರುಗದೆಯೇ ತಾತನಿಗೆ ತೊಡಿಸಹೋಗಿ ಮೂಗಿನ ಹೊಳ್ಳೆಗೆ ಚುಚ್ಚಿದರು. ತಾತ ಕೂಗಿಕೊಂಡರು. ಆಗಲೂ ಇವರು ತಿರುಗಲಿಲ್ಲ.

ಆಟ ಮುಗಿಯುತ್ತ ಬಂತು. ಮಗಳ ತಂಡ ಒಂದು ಗೋಲು ಮುಂದಿತ್ತು. ಅಷ್ಟರಲ್ಲಿ ಎದುರು ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವಳನ್ನು ನೋಡಿದರೆ ಕೋಚ್ ಅವರಿಗೇ ಅಕ್ಕನ ಹಾಗಿದ್ದಳು. ಅವಳು ಚೆಂಡನ್ನು ಗುರುತಿನ ಮೇಲಿಟ್ಟಳು. ಆಗ ಹಿಂದಿನಿಂದ ಒಂದು ಕೈ ಕನ್ನಡಕದಂಗಡಿಯವರ ಭುಜ ಹಿಡಿಯಿತು.

"ಏನ್ರೀ, ಹುಡುಗೀನ ಬಿಟ್ಟು ಜಾಕೆಟ್ ಕರ್ಕೊಂಡು ಬಂದಿದೀರಲ್ಲ!"

ಮಹಡಿ ಮನೆಯ ಅಮ್ಮ. ಪಕ್ಕದಲ್ಲಿ ಗ್ಲೌಸ್ ಹಿಡಿದ ಅವರ ಹುಡುಗಿ.

"ಒಂದ್ನಿಮಿಷ, ದಮ್ಮಯ್ಯ, ಒಂದೇ ನಿಮಿಷ..."

"ಮುಖ ಕೊಟ್ಟು ಮಾತಾಡ್ರೀ!" ಎಂದು ಆಕೆ ಎರಡೂ ಭುಜ ಹಿಡಿದು ಬುಗುರಿಯಂತೆ ತಿರುಗಿಸಿದರು.

ಬೆನ್ನ ಹಿಂದೆ ಧಡ್ ಅಂತ ಸದ್ದಾಯಿತು. ಮರುಕ್ಷಣ ಮೈದಾನವೇ ಎದ್ದು ಕುಣಿಯಿತು. ಇವರು ಮತ್ತೆ ತಿರುಗುವಷ್ಟರಲ್ಲಿ ಮಗಳ ಮೇಲೆ ಇಡೀ ತಂಡ ರಾಶಿ ಬಿದ್ದಿತ್ತು. ಕನ್ನಡಕದಂಗಡಿಯವರಿಗೆ ಸಂತೋಷ ತಡೆಯಲಾಗದೆ ಅಳುವೇ ಬಂತು. ತಾತನನ್ನು ಎತ್ತಿ ಕುಣಿದರು. ಸಿಟ್ಟು ಮರೆತ ಅಮ್ಮನೂ ಚಪ್ಪಾಳೆ ತಟ್ಟಿದರು.

ಮಗಳು ಓಡಿ ಬಂದಳು. ಮೂಗು ಟೊಮೆಟೊ ಹಣ್ಣಾಗಿತ್ತು.

"ಅಪ್ಪಾ, ನೋಡಿದ್ಯಾ?"

"ಓ, ನೋಡದೆ!"

"ಯಾವ ಕೈಯಲ್ಲಿ ತಡೆದೆ ಹೇಳು?"

ಒಂದು ಕೈ ಹೇಳಿ ಸಿಕ್ಕಿಬೀಳುವುದು ಬೇಡವೆಂದು ಅವರು ಬಹಳ ಜಾಣತನದಿಂದ ಹೇಳಿದರು. "ಎರಡೂ ಕೈ!"

"ಮೂಗಲ್ಲಿ ತಡೆದಿದ್ದು!"

ಮಹಡಿ ಮನೆಯ ಅಮ್ಮ ತಮ್ಮ ಹುಡುಗಿಯನ್ನು ಇವರಿಗೇ ಒಪ್ಪಿಸಿ, ಕೆಟ್ಟ ಕಾರಿಗೆ ಮೆಕ್ಯಾನಿಕ್ಕನ್ನು ಕರೆತರಲು ಟ್ಯಾಕ್ಸಿಯಲ್ಲಿ ಹೋದರು. ಮನೆಗೆ ಹೊರಡುವಾಗ ಕನ್ನಡಕದಂಗಡಿಯವರು ಮೈಯೆಲ್ಲ ಕಣ್ಣಾಗಿದ್ದರು. ಹಿಂದಿನ ಸೀಟಿನ ಜಾಕೆಟ್ಟು ಎತ್ತಿ, ಮಹಡಿ ಮನೆ ಹುಡುಗಿ ನಿಜವಾಗಿಯೂ ಮಲಗಿದ್ದಾಳೆಂದು ಖಾತ್ರಿಮಾಡಿಕೊಂಡರು. ಪಕ್ಕದಲ್ಲಿ ಮಗಳ ಶಾಲಿನ ರಾಶಿ. ಸಿಟ್ಟಿನಲ್ಲಿ ಮುಸುಕು ಹಾಕಿರುವವಳನ್ನು ಮುಟ್ಟುವ ಧೈರ್ಯವಾಗಲಿಲ್ಲ.

"ತಪ್ಪಾಯ್ತು ಪುಟ್ಟಿ," ಎಂದು ದಾರಿಯಲ್ಲಿ ಶುರುಮಾಡಿದರು. "ನಿಜ ಹೇಳ್ತೀನಿ, ನಾನು ನೋಡ್ಲಿಲ್ಲ. ಒಂದು ಗೋಲೂ ನೋಡಿಲ್ಲ. ಆದ್ರೆ ಇನ್ಮೇಲೆ ನಿನ್ನ ಮೇಲಿಟ್ಟ ಕಣ್ಣು ತೆಗೆಯಲ್ಲ."

ಶಾಲು ಅಲುಗಲಿಲ್ಲ. ಅವರು ಇನ್ನೂ ಕರಗಿ, ಐಸ್‌ಕ್ರೀಮು, ಹೊಸ ಬೂಟು ಎಲ್ಲ ಒಪ್ಪಿಕೊಂಡರು. ಕೊನೆಗೆ ಮಹಡಿ ಮನೆ ಹುಡುಗಿ ಕಣ್ಣುಜ್ಜಿಕೊಂಡು ಎದ್ದಳು.

"ಅಂಕಲ್, ಯಾರ ಹತ್ರ ಮಾತಾಡ್ತಿದೀರಿ? ಅವಳು ಮೂಗಿಗೆ ಐಸ್ ಇಟ್ಕೊಂಡು ಕೋಚ್ ಹತ್ರ ಕೂತಿದ್ಲಲ್ಲ?"

ಕಾರು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂತಿರುಗಿತು. ಮೈದಾನದ ಗೇಟಿನಲ್ಲಿ ಮಗಳು ಮೂಗಿಗೆ ಐಸ್ ಹಿಡಿದು, ಇನ್ನೊಂದು ಕೈ ಸೊಂಟದ ಮೇಲಿಟ್ಟು ನಿಂತಿದ್ದಳು.

"ಅಪ್ಪಾ, ಕಾರಲ್ಲಿ ನಾನಿಲ್ಲ ಅನ್ನೋದನ್ನಾದ್ರೂ ನೋಡಿದ್ಯಾ?"

"ಓ, ನೋಡದೆ!" ಅಂದುಬಿಟ್ಟರು ಕನ್ನಡಕದಂಗಡಿಯವರು, ಬಾಯಿ ತಪ್ಪಿ.

ಮಗಳು ಐಸ್ ಕೆಳಗಿಳಿಸಿದಳು. "ಎಲ್ಲಿವರೆಗೆ ಹೋದ್ಮೇಲೆ ನೋಡಿದೆ ಹೇಳು?"