ಹಿಡಿಯಿಲ್ಲದ ನಲ್ಲಿಯ ಮೇಲೆ ಬೋರಲಿಂಗೇಗೌಡನ ದಂಡಯಾತ್ರೆ

ಕೃತಯುಗದಲ್ಲಿ ದೇವತೆಗಳು ಕಣ್ಣಿಗೆ ಕಾಣುತ್ತಿದ್ದರು, ತ್ರೇತಾಯುಗದಲ್ಲಿ ರಾಕ್ಷಸರು ಕಾಣುತ್ತಿದ್ದರು, ದ್ವಾಪರದಲ್ಲಿ ಬೇಡವೆಂದರೂ ಇಬ್ಬರೂ ಕಾಣುತ್ತಿದ್ದರು. ಈ ಕಲಿಯುಗದಲ್ಲಾದರೋ, ಗಣಕಯಂತ್ರವೆಂಬ ಮಹಾಮಾಯಾವಿಯು ಮೇಜಿನ ಮೇಲೆ ಕೂತು ಕೂತು ಬೇಸತ್ತು, ತನ್ನ ಸ್ಥೂಲಶರೀರವನ್ನು ತ್ಯಜಿಸಿ, ಸೂಕ್ಷ್ಮಾತಿಸೂಕ್ಷ್ಮರೂಪವನ್ನು ಧರಿಸಿ, ಬಾಗಿಲಿನಲ್ಲಿ ಬಾಗಿಲಾಗಿ, ದೀಪದಲ್ಲಿ ದೀಪವಾಗಿ, ನಲ್ಲಿಯಲ್ಲಿ ನಲ್ಲಿಯಾಗಿ ಅಡಗಿ ಕುಳಿತು, ಬಂದವರನ್ನೂ ಹೋದವರನ್ನೂ ಎವೆಯಿಕ್ಕದೆ ನೋಡುತ್ತಿದ್ದಾನೆ. ಹೇ ವಿಘ್ನರಾಜ, ಕಡುಬು ತಿಂದ ಕೈಯನ್ನು ಸ್ವಂತ ಸೊಂಡಿಲಿನಿಂದಲೇ ತೊಳೆದುಕೊಳ್ಳಬಲ್ಲ ಭಾಗ್ಯಶಾಲಿಯೇ, ಆ ಸೌಕರ್ಯವಿಲ್ಲದ ಒಬ್ಬ ಮಾನವನ ಪಾಡನ್ನು ಹಾಡಹೊರಟಿರುವ ಈ ಕಥೆಗಾರನ ನಾಲಗೆ ತೊಡರದಂತೆ ನೋಡಿಕೋ.

ಕಬ್ಬಿನ ಗದ್ದೆಗಳಿಂದ ಹಸಿರಾದ ಮದ್ದೂರು ಸೀಮೆಯಲ್ಲಿ, ನಾಲೆಯ ತೂಬು ತೆರೆದು ಊರಿನ ಗದ್ದೆಗಳಿಗೆಲ್ಲ ಸರದಿಯ ಮೇಲೆ ನೀರು ಹಂಚುವ ನೀರುಗಂಟಿಯಾಗಿ, ತೂಬೋದ್ಘಾಟನಪ್ರಚಂಡನೆಂದೂ, ಬದುಜಗಳಭಂಜನನೆಂದೂ, ಸರದಿತಪ್ಪಿಸುವವರ ಎದೆಯ ಶೂಲವೆಂದೂ ಕೀರ್ತಿವೆತ್ತ ಬೋರಲಿಂಗೇಗೌಡನೆಂಬ ವೀರನಿದ್ದನು. ಅವನು ತೂಬಿನ ಗಾಲಿಯನ್ನು ಅತ್ತ ತಿರುವಿದರೆ ನೀರು ಬರುವುದು, ಇತ್ತ ತಿರುವಿದರೆ ನಿಲ್ಲುವುದು. ಬೆಳೆದು ನಿಂತ ಗಂಡಸರು ಅವನ ಜಗುಲಿಯಲ್ಲಿ ಕೈಕಟ್ಟಿ ಕೂತು ಇನ್ನೊಂದು ಗಳಿಗೆ ನೀರು ಬಿಡಿರೆಂದು ಬೇಡಿದರೆ, ಅವನು ಮೀಸೆ ನೀವಿಕೊಂಡು “ನೋಡನ” ಎನ್ನುವನು. ಇಂಥವನ ಮೇಲೆ ನೀರೇ ಒಂದು ದಿನ ಮುನಿಸಿಕೊಂಡಿತೆಂದರೆ ನಂಬುವುದು ಕಷ್ಟ.

ಆ ದಿನ ಅವನ ತಂಗಿಯ ಮಗಳು ಸುಪ್ರೀತಾಳ ಮದುವೆ. ಅವಳು ಅಂಬೆಗಾಲಿಡುವಾಗಲೇ ಅಪ್ಪ ತೀರಿಕೊಂಡಿದ್ದರಿಂದ, ಹೆಗಲ ಮೇಲೆ ಹೊತ್ತು, ಶಾಲೆಗೆ ಸೇರಿಸಿ, ಜ್ವರ ಬಂದರೆ ರಾತ್ರಿಯೆಲ್ಲ ಕೂತು ಸಾಕಿದವನು ಈ ಸೋದರಮಾವನೇ. ಬೆಳಿಗ್ಗೆ ಧಾರೆ ಎರೆದದ್ದೂ ಅವನೇ. ಇನ್ನುಳಿದದ್ದು ಹೆಣ್ಣೊಪ್ಪಿಸುವ ಶಾಸ್ತ್ರವೊಂದು. ಊಟವಾದ ಮೇಲೆ, ರಾಹುಕಾಲ ಹುಟ್ಟುವುದರೊಳಗೆ, ಹುಡುಗಿಯ ಕೈಯನ್ನು ಹಿಡಿದು ಗಂಡಿನ ಕಡೆಯವರ ಕೈಯಲ್ಲಿಡಬೇಕು. ಅವನು ಅಲ್ಲಿರದಿದ್ದರೆ ಊರಿನ ಹಿರಿಯರು ಯಾರಾದರೂ ಮುಂದೆ ಬಂದು ಆ ಕೆಲಸ ಮುಗಿಸಿಬಿಡುತ್ತಾರೆ. ಬೇರೊಬ್ಬನ ಕೈಯಿಂದ ತನ್ನ ಕೂಸು ಹೊರಡುವುದನ್ನು ಗೌಡ ಕನಸಿನಲ್ಲಿಯೂ ಒಪ್ಪುವವನಲ್ಲ.

ಮದುವೆಗೆಂದು ಅವನು ಹಟ ಹಿಡಿದು ಗೊತ್ತು ಮಾಡಿದ್ದು ಹೊಸದಾಗಿ ಕಟ್ಟಿದ ಕಲ್ಯಾಣಮಂಟಪವನ್ನು. ಅಲ್ಲಿ ಮನುಷ್ಯ ಹತ್ತಿರ ಬಂದರೆ ಬಾಗಿಲು ತಾನೇ ಸರಿಯುತ್ತಿತ್ತು, ಒಳಗೆ ಕಾಲಿಟ್ಟರೆ ದೀಪ ತಾನೇ ಬೆಳಗುತ್ತಿತ್ತು. ಬೆಳಗಿನ ತಿಂಡಿಯ ಹೊತ್ತಿನಲ್ಲಿ ಅವನು ಹುಡುಗನ ತಂದೆ, ಕುಣಿಗಲ್ ಕಡೆಯ ಕೆಂಚರಂಗಯ್ಯನ ಮುಂದೆ ನಿಂತು ಎದೆಯುಬ್ಬಿಸಿದನು.

“ಬೀಗರೇ, ಈ ಛತ್ರದಲ್ಲಿ ಯಾವ್ದನ್ನೂ ಮುಟ್ಟಂಗೇ ಇಲ್ಲ. ಬಾಗ್ಲು, ದೀಪ, ನಲ್ಲಿ, ಎಲ್ಲಾ ತಾವ್ತಾವೇ ನೋಡ್ಕತವೆ. ನಿಮ್ ಕಡೀಕೆ ಇದು ಇನ್ನೂ ಬಂದಿಲ್ಲ ಅಂತ ಕಾಣ್ತದೆ.”

ಕೆಂಚರಂಗಯ್ಯನೇನು ಸಾಮಾನ್ಯನೇ? ಅವನು ಉಪ್ಪಿಟ್ಟಿನಿಂದ ತಲೆಯನ್ನೇ ಎತ್ತದೆ, “ನಮ್ ಕಡೆ ಇವೆಲ್ಲ ಬಂದು ಹಳೇವಾಗವೆ ಗೌಡ್ರೇ. ನಾನು ಕೈಯಾರೆ ನಲ್ಲಿ ತಿರುವಿ ಯಾವ ಕಾಲ ಆಯ್ತೋ” ಎಂದನು.

ಗೌಡನ ಮೀಸೆ ಇಳಿಯಿತು. ಆದರೂ ತಾನು ಆಡಿದ ಮಾತನ್ನು ಅವನು ಮಧ್ಯಾಹ್ನದವರೆಗೂ ಸುಖವಾಗಿ ಮೆಲುಕು ಹಾಕುತ್ತಲೇ ಇದ್ದನು. ನಿಜ ಹೇಳಬೇಕೆಂದರೆ ಅವನು ಕಣ್ಣಾರೆ ಕಂಡಿದ್ದು ಬಾಗಿಲನ್ನೂ ದೀಪವನ್ನೂ ಮಾತ್ರ. ನಲ್ಲಿಯ ಮಹಿಮೆಯನ್ನು ಮಂಟಪದ ಮ್ಯಾನೇಜರನ ಬಾಯಲ್ಲಿ ಕೇಳಿದ್ದನಷ್ಟೆ.

ಬಂದವರನ್ನೆಲ್ಲ ಉಪಚರಿಸಿ, ಹೆಣ್ಣಿನ ಕಡೆಯ ಹಿರಿಯನಿಗೆ ತಕ್ಕಂತೆ ಕೊನೆಯ ಪಂಕ್ತಿಯಲ್ಲಿ ಕೂತು, ಬಾಟಲಿಯ ನೀರಿನಲ್ಲೇ ಬೆರಳು ನೆನೆಸಿಕೊಂಡು, ಒಬ್ಬಟ್ಟಿಗೆ ತುಪ್ಪ ಸುರಿಸಿ ಕಲಸಿ, ಮೇಲೆ ಪಾಯಸವನ್ನೂ ಸುರಿಸಿಕೊಂಡು ಅವನು ಉಂಡನು. ಎದ್ದು, ಎಂಜಲಾದ ಬಲಗೈಯನ್ನು ಎದೆಯ ಮಟ್ಟದಲ್ಲಿ ಎತ್ತಿ ಹಿಡಿದು, ಬೀಗರಿಗೆಂದೇ ಮೀಸಲಾಗಿದ್ದ ಕೈತೊಳೆಯುವ ಕೋಣೆಯತ್ತ ನಡೆದನು. ಬಾಗಿಲು ತಾನಾಗಿ ಸರಿದು ಅವನನ್ನು ಒಳಗೆ ಬಿಟ್ಟುಕೊಂಡಿತು. ದೀಪ ಬೆಳಗಿತು. ನರಪಿಳ್ಳೆಯೂ ಇರಲಿಲ್ಲ.

ಎದುರಿಗೆ ಅಮೃತಶಿಲೆಯ ಬೋಗುಣಿ. ಅದರ ಮೇಲೆ ಕತ್ತು ಬಗ್ಗಿಸಿ ನಿಂತಿತ್ತು ಆ ರಜತವರ್ಣದ, ನಿರಾಭರಣ, ನಿರವಯವ ನಲ್ಲಿ. ತಿರುವಲು ಕಿವಿಯಿಲ್ಲ, ಒತ್ತಲು ಗುಂಡಿಯಿಲ್ಲ, ಎತ್ತಲು ಹಿಡಿಯಿಲ್ಲ. ಗೌಡನು ಊರಿನಲ್ಲಿ ಮಾಡುವಂತೆಯೇ ಮಾಡಿದನು. ಉಂಡವನ ಎಂಜಲು ಚೊಂಬಿಗೆ ತಾಕಬಾರದೆಂದು ಕೈಯನ್ನು ದೂರದಲ್ಲಿ, ತಗ್ಗಿನಲ್ಲಿ ಒಡ್ಡಿಕೊಂಡು, ಮೇಲಿನಿಂದ ಯಾರೋ ನೀರು ಎರೆಯುವರೆಂದು ಕಾಯುವುದು ಅವನು ಹುಟ್ಟಿನಿಂದ ಬಲ್ಲ ಕ್ರಮ. ಈಗಲೂ ಅಂಗೈಯನ್ನು ಬೋಗುಣಿಯ ತಳಕ್ಕಿಳಿಸಿ, ಒಂದು ಮೂಲೆಗೆ ಸರಿಸಿ, ಮರ್ಯಾದೆಯಿಂದ ಕಾದನು. ನಲ್ಲಿಗಾದರೋ ತನ್ನ ಮೂತಿಯ ಕೆಳಗೆ ಬಂದದ್ದಷ್ಟೇ ಕಾಣುತ್ತಿತ್ತು, ತಳದ ಮೂಲೆಯಲ್ಲಿ ವಿನಯದಿಂದ ಕಾದಿರುವ ಕೈ ಅದರ ಲೆಕ್ಕಕ್ಕೇ ಬರಲಿಲ್ಲ.

ಎಲ್ಲೋ ಗುಟ್ಟಿನ ಗುಂಡಿಯಿರಬೇಕೆಂದು ಅವನು ಎಡಗೈಯಿಂದ ನಲ್ಲಿಯ ತಲೆ ಸವರಿದನು, ಬೆನ್ನು ತಡವಿದನು, ಗದ್ದ ಮುಟ್ಟಿದನು. ಗದ್ದದ ಕೆಳಗೆ ಕೈ ಬಂದೊಡನೆ ನೀರು ಭರ್ರನೆ ಸುರಿದು ತೋಳನ್ನು ನೆನೆಸಿತು. ಗೌಡನು ಜಯಘೋಷ ಮಾಡಿ ಎಡಗೈಯನ್ನು ಹಿಂದೆಳೆದು ಬಲಗೈಯನ್ನು ಮತ್ತೆ ತಳದ ಮೂಲೆಗೇ ಒಡ್ಡಿದನು. ನೀರು ನಿಂತಿತು. ತಾನು ತಲೆ ಸವರಿದ್ದಕ್ಕೇ ಅದು ಒಲಿದದ್ದೆಂದು ಭಾವಿಸಿ ಮತ್ತೆ ತಲೆ ಸವರಿದನು. ಮೆಲ್ಲಗೆ ಸವರಿದನು, ಒತ್ತಿ ಸವರಿದನು, ಹಟಮಾರಿ ಹಸುವಿನ ಹಣೆ ಕೆರೆಯುವಂತೆ ಕೆರೆದನು. ಹನಿಯೂ ಬೀಳಲಿಲ್ಲ. ಅಷ್ಟರಲ್ಲಿ ಬೆರಳುಗಳ ಮೇಲೆ ಒಬ್ಬಟ್ಟಿನ ಹೂರಣವು ಒಣಗತೊಡಗಿತ್ತು. ಪಕ್ಕದಲ್ಲಿದ್ದ ಕಾಗದದಿಂದ ಒರೆಸಿಕೊಳ್ಳಲು ಹೋಗಿ ಕಾಗದವೂ ಚೂರುಚೂರಾಗಿ ಅಂಟಿಕೊಂಡಿತು.

ಆಗ ವೀರನ ಕಣ್ಣು ಕೆಂಪಡರಿತು. ಅವನ ಅಂತರಂಗದಲ್ಲಿ ಮೊಳಗಿದ ವಾಕ್ಯಗಳಿವು: ಎಲವೋ ವಕ್ರಗ್ರೀವನೇ, ಜಲಚೋರನೇ, ತುಂಬಿ ಹರಿವ ನಾಲೆಯನ್ನು ಒಂದು ಗಾಲಿಯ ತಿರುವಿನಲ್ಲಿ ನಿಲ್ಲಿಸಿದ, ನಿಂತ ನೀರನ್ನು ಮರುಗಳಿಗೆಯಲ್ಲಿ ಬಯಲಿಗೆ ಹರಿಸಿದ ಈ ಭುಜದಂಡದ ಮುಂದೆ ಬೊಗಸೆ ನೀರಿಗೆ ಲೋಭ ಮಾಡುವ ನಿನ್ನ ಆಯುಷ್ಯ ಇಂದಿಗೆ ಮುಗಿಯಿತೆಂದು ತಿಳಿ. ಬಾಯಿಂದ ಹೊರಬಿದ್ದದ್ದು ಮಾತ್ರ ಇಷ್ಟೇ:

“ಬತ್ತೀಯೋ ಇಲ್ವೋ, ಒಂದು ಹೇಳ್ಬುಡು.”

ನಲ್ಲಿ ಏನೂ ಹೇಳಲಿಲ್ಲ. ಗೌಡನು ಮುಂದೇನೆಂದು ಯೋಚಿಸುತ್ತ ಅಲುಗಾಡದೆ ನಿಂತನು. ಅಲುಗಾಡದವರು ಇಲ್ಲದವರಿಗೆ ಸಮಾನವೆಂದು ಬಗೆದ ಕೋಣೆಯು ದೀಪವನ್ನೂ ಆರಿಸಿತು. ಕತ್ತಲಲ್ಲಿ ಅವನು ಎರಡೂ ತೋಳು ಬೀಸಿದ ಮೇಲೆಯೇ, ಓ ನೀನು ಇದ್ದೀಯಾ ಎಂಬಂತೆ ಬೆಳಕು ಮರಳಿತು. ಊರಿಗೇ ಹಿರಿಯನಾದವನು ತಾನು ಇದ್ದೇನೆಂದು ಗೋಡೆಗೆ ರುಜುವಾತು ಮಾಡಬೇಕಾಗಿ ಬಂದದ್ದು ಅವನನ್ನು ಬಹಳ ನೋಯಿಸಿತು.

ಹೊರಗೆ ವಾಲಗ ಶುರುವಾಯಿತು. ಅದರ ಹಿಂದೆಯೇ ಮೈಕು ಕೂಗಿತು: “ಹುಡುಗಿ ಸೋದರಮಾವ ಎಲ್ಲಿದ್ರೂ ಬೇಗ ಬರ್ಬೇಕು. ರಾಹುಕಾಲ ಹತ್ರ ಬಂತು.”

ಎಂಜಲುಗೈಯಲ್ಲಿ ಕೂಸಿನ ಕೈ ಹಿಡಿಯುವುದು ಹೇಗೆ? ಯಾರನ್ನಾದರೂ ನೀರು ಕೇಳೋಣವೆಂದು ಗೌಡನು ಬಾಗಿಲಿನತ್ತ ಒಂದು ಹೆಜ್ಜೆ ಇಟ್ಟನು. ಇಟ್ಟದ್ದೇ ತಡ, ಅದು ತಾನಾಗಿ ಸರಿದು, ಕುಣಿಗಲ್ ಕಡೆಯ ಹೆಂಗಸರ ಸಾಲೊಂದರ ಮುಂದೆ ಅವನನ್ನು ಕೈಯೆತ್ತಿದ ಭಂಗಿಯಲ್ಲಿ ಪ್ರದರ್ಶಿಸಿತು. ಅವರು ಆಶೀರ್ವಾದವೆಂದು ತಿಳಿದು ನಮಸ್ಕರಿಸಿದರು. ಗೌಡನು ಹಿಂದಕ್ಕೆ ಸರಿದನು. ಕಣ್ಣಂಚಿನಲ್ಲಿ ನೀರು ಬಂದಿತ್ತು, ಅದೂ ಕೈ ತೊಳೆಯುವಷ್ಟಿರಲಿಲ್ಲ.

ಆ ಸಂಕಟದ ಗಳಿಗೆಯಲ್ಲಿ ಬಾಗಿಲು ಮತ್ತೆ ಸರಿಯಿತು. ಒಳಗೆ ಬಂದವನು ಪ್ರತಿಸ್ಪರ್ಧಿ, ಕುಣಿಗಲ್ ಕಂಠೀರವ, ಉಪ್ಪಿಟ್ಟಿನ ಮುಂದೆ ತಲೆಯೆತ್ತದ ಕೆಂಚರಂಗಯ್ಯ. ಅವನ ಬಲಗೈ ಜರಿಯ ಶಲ್ಯದೊಳಗಿತ್ತು. ಗೌಡನು ತನ್ನ ಕೈಯನ್ನು ಬೆನ್ನ ಹಿಂದೆ ಒಯ್ದನು. ಇಬ್ಬರೂ ನೇರ ನಿಂತು ಒಬ್ಬರನ್ನೊಬ್ಬರು ನೋಡಿದರು.

“ಏನ್ ಗೌಡ್ರೇ, ಕೈ ತೊಳ್ಕಂಡ್ರಾ?”

“ಓ, ಆಗ್ಲೇ. ನಿಮ್ದು?”

“ನಂದಾ? ನಂದೂ ಆಯ್ತು. ಸುಮ್ನೆ ನೋಡ್ಕಂಡು ಹೋಗನ ಅಂತ ಬಂದೆ. ನಮ್ಮನೆ ನಲ್ಲಿ ಇದಕ್ಕಿಂತ ಚುರುಕು.”

“ಇದೂ ಬಾಳ ಚುರುಕು. ಹೇಳಿದ ಮಾತು ಕೇಳ್ತದೆ.”

“ಎಲ್ಲಿ, ಒಸಿ ಹೇಳಿ ನೋಡನ.”

“ನೀವೇ ಹೇಳಿ. ನೀವು ಹಳಬ್ರು.”

ಆಗ ವಿಧಿಯು ಒಂದು ನೊಣವನ್ನು ಕಳಿಸಿತು. ಉಭಯ ಶಿಬಿರಗಳ ನಡುವೆ ಸಂಧಾನಕ್ಕೆ ಬಂದ ರಾಯಭಾರಿಯೆಂಬಂತೆ ಆ ನೊಣವು ಗೌಡನ ಬೆನ್ನ ಹಿಂದೆ ಹೋಗಿ ಬಹಳ ಹೊತ್ತು ಕೂತಿತು. ಅಲ್ಲಿಂದೆದ್ದು ಕೆಂಚರಂಗಯ್ಯನ ಶಲ್ಯದ ಅಂಚಿಗೆ ಇಳಿದು ಒಳಗೆ ನುಗ್ಗಿತು. ಅವನು ಕೈ ಕೊಡವಿದನು. ಶಲ್ಯದೊಳಗಿನಿಂದ ಕಾಗದದ ಚೂರೊಂದು ಉದುರಿ ನೆಲಕ್ಕೆ ಬಿತ್ತು. ಗೌಡನ ಬೆನ್ನ ಹಿಂದೆಯೂ ಅಂಥದೇ ಚೂರುಗಳಿದ್ದವು. ಆ ಕಾಗದ ಎಲ್ಲಿಯದು, ಯಾಕೆ ಹರಿಯಿತು ಎಂಬುದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ.

ಅವನು ಬಾಯಿ ತೆರೆದು ಚುಚ್ಚಬಹುದಿತ್ತು. ಮನಸ್ಸು ಬರಲಿಲ್ಲ. ದೀಪ ಆರಿತು. ಇಬ್ಬರೂ ಒಟ್ಟಿಗೇ ಕೈ ಬೀಸಿದರು. ಮರಳಿದ ಬೆಳಕಿನಲ್ಲಿ ಎರಡು ಎಂಜಲುಗೈಗಳು ಗಾಳಿಯಲ್ಲಿ ಸಾಕ್ಷಾತ್ತಾಗಿ ನಿಂತಿದ್ದವು.

“ಆಗಲೇ ಬಂದಿದ್ದೆ ಕಣ್ರೀ. ಬರ್ಲೇ ಇಲ್ಲ ಮುಂಡೇದು. ನೀವು ಇಲ್ಲಿದ್ರೆ ನೋಡಿ ಕಲ್ತ್ಕಬೋದು ಅಂತ ಧೈರ್ಯ ಮಾಡಿ ವಾಪಸ್ ಬಂದೆ” ಎಂದನು ಕೆಂಚರಂಗಯ್ಯ.

ಮೈಕು ಮತ್ತೆ ಕೂಗಿತು. ಈ ಸಲ, ಸೋದರಮಾವ ಬರದಿದ್ದರೆ ಹಿರಿಯರು ಯಾರಾದರೂ ಬರಲಿ ಎಂದಿತು. ಅದು ಗೌಡನ ಕಿವಿಗೆ ಬಿದ್ದಂತೆಯೇ ಬಾಗಿಲು ಸರಿದು ಸುಪ್ರೀತಾ ಒಳಗೆ ನುಗ್ಗಿದಳು. ಧಾರೆ ಸೀರೆ, ಬಾಸಿಂಗ, ಮೊಳಕೈವರೆಗೆ ಮೆಹಂದಿ. ಓಡಿ ಬಂದದ್ದಕ್ಕೆ ಉಸಿರು ಹತ್ತಿತ್ತು.

“ಎಲ್ಲಿಗೋಗ್ಬುಟ್ಟೆ ಮಾವ? ನೀನ್ ಬರೋಗಂಟ ನಾನ್ ಯಾರ್ ಕೈಗೂ ಕೈ ಕೊಡಕಿಲ್ಲ ಅಂತ ಹೇಳ್ಬುಟ್ಟು ಬಂದಿವ್ನಿ.” ಅವಳು ಮಾವನ ಕೈ ನೋಡಿದಳು, ಹೊಸ ಮಾವನವರ ಕೈಯನ್ನೂ ನೋಡಿದಳು. ನಗಲಿಲ್ಲ. “ಇದಕ್ಕೆ ಕೈ ಕಾಣ್ಬೇಕು ಮಾವ. ಅಷ್ಟು ಕೆಳಗೆ ಇಟ್ಕಂಡ್ರೆ ಯಾರೂ ಇಲ್ಲ ಅನ್ಕತದೆ. ಮೂತಿ ಹತ್ರ ಹಿಡಿ.”

“ಎಂಜಲು ಕಣವ್ವ. ನಲ್ಲಿಗೆ ತಾಕ್ಬುಡ್ತದೆ.”

“ಸರಿ, ನಾನ್ ಹಿಡೀತೀನಿ. ನೀನು ಕೆಳಗೇ ಒಡ್ಡು.”

ಅವಳು ತನ್ನ ಮೆಹಂದಿಯ ಅಂಗೈಯನ್ನು ನಲ್ಲಿಯ ಮೂತಿಗೆ ಒಡ್ಡಿದಳು. ನೀರು ಸುರಿಯಿತು, ಅವಳ ಬೆರಳುಗಳ ಸಂದಿನಿಂದ ಇಳಿದು ಗೌಡನ ಕೈಮೇಲೆ ಬಿತ್ತು. ಬೆಳಿಗ್ಗೆ ಅವನು ಎರೆದ ಹಾಲು ಅವಳ ಕೈಮೇಲೆ ಹರಿದಿತ್ತು. ಪುಟ್ಟವಳಿದ್ದಾಗ ದಿನವೂ ಊಟವಾದ ಮೇಲೆ ಅವಳ ಎಳೆಯ ಬೆರಳುಗಳಿಗೆ ಚೊಂಬಿನಲ್ಲಿ ನೀರು ಬಿಟ್ಟವನೂ ಅವನೇ. ಗೌಡನು ತಲೆ ಬಗ್ಗಿಸಿ ಬೆರಳುಗಳನ್ನು ಉಜ್ಜುತ್ತಲೇ ಇದ್ದನು. ಅಷ್ಟರಲ್ಲಿ ಅವನ ಕೈಯ ಕೆಳಗೆ ಇನ್ನೊಂದು ಕೈ ಮೆಲ್ಲಗೆ ಬಂದು ಸೇರಿತು. ಕೆಂಚರಂಗಯ್ಯನು ಗೋಡೆಯ ಕಡೆ ನೋಡುತ್ತಿದ್ದನು. ಗೌಡನು ಕೈಯನ್ನು ಒಂದಿಷ್ಟು ಸರಿಸಿ ಅವನಿಗೂ ಜಾಗ ಕೊಟ್ಟನು. ಸರದಿಯನ್ನು ಯಾರಿಗೂ ಬಿಟ್ಟುಕೊಡದ ನೀರುಗಂಟಿಯ ಬಾಳಿನಲ್ಲಿ ಇಂಥದು ನಡೆದದ್ದು ಅದೇ ಮೊದಲು.

ಕೈ ಒಣಗಿಸಲೆಂದು ಗೋಡೆಯಲ್ಲಿ ಗಾಳಿಯೂದುವ ಪೆಟ್ಟಿಗೆಯೊಂದಿತ್ತು. ಅದಕ್ಕೂ ಗುಂಡಿಯಿರಲಿಲ್ಲ. ವೀರರಿಬ್ಬರೂ ಅದನ್ನು ನೋಡಿದರು, ಒಬ್ಬರ ಮುಖವನ್ನೊಬ್ಬರು ನೋಡಿದರು, ಹೊಸ ಯುದ್ಧ ಬೇಡವೆಂದು ಮಾತಿಲ್ಲದೆ ಒಪ್ಪಿ ಕೈಗಳನ್ನು ಪಂಚೆಗೆ ಒರೆಸಿಕೊಂಡು ಹೊರನಡೆದರು.

ರಾಹುಕಾಲಕ್ಕೆ ಇನ್ನೂ ಗಳಿಗೆ ಹೊತ್ತಿತ್ತು. ವೇದಿಕೆಯ ಮೇಲೆ, ವಾಲಗದ ಸದ್ದಿನ ನಡುವೆ, ಬೋರಲಿಂಗೇಗೌಡನು ಸುಪ್ರೀತಾಳ ಕೈ ಹಿಡಿದು ಕೆಂಚರಂಗಯ್ಯನ ಕೈಯಲ್ಲಿಟ್ಟನು. “ನಮ್ ಮಗೂನ ನಿಮ್ ಮಡ್ಲಿಗೆ ಹಾಕಿವ್ನಿ. ತಪ್ಪು ಮಾಡುದ್ರೆ ಹೊಟ್ಟೇಲಿ ಹಾಕ್ಕಳಿ” ಎಂದು ಹೇಳುವಾಗ ಅವನ ದನಿ ಒಡೆಯಿತು, ಕಣ್ಣು ಧಾರಾಕಾರವಾಗಿ ಸುರಿಯಿತು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದನು. ಬೆರಳುಗಳು ಅವಳ ಬೆರಳುಗಳನ್ನು ಬಿಟ್ಟು ಬರಲೊಲ್ಲವಾದವು.

ಅವಳೂ ಅಳುತ್ತಿದ್ದಳು. ಅಳುತ್ತಲೇ ತಗ್ಗಿದ ದನಿಯಲ್ಲಿ ಕೇಳಿದಳು. “ಮಾವ, ಕೈ ಇನ್ನೂ ಅಂಟ್ತಾ ಅದಲ್ಲ. ಸೋಪ್ ಹಾಕ್ಲಿಲ್ವಾ?”

“ಸೋಪ್ ಎಲ್ಲಿ ಅವಿತ್ಕಂಡದೆ ಅಂತ ಗೊತ್ತಾಗ್ಲಿಲ್ಲ ಕಣವ್ವ.”

“ನಂಗೂ ಅಷ್ಟೇಯ” ಎಂದನು ಕೆಂಚರಂಗಯ್ಯ, ತುಟಿ ಅಲುಗದಂತೆ.

ನಡೆದದ್ದು ಇಷ್ಟೇ: ಇಬ್ಬರು ಬೀಗರು ಊಟ ಮಾಡಿ ಕೈ ತೊಳೆದರು, ಅದೂ ಪೂರ್ತಿಯಾಗಲ್ಲ.