ಜ್ವಾಲಾಮುಖಿಯಿಂದ ಮಿಸ್ಡ್ ಕಾಲ್

ಹೆಂಡತಿ ಜ್ವಾಲಾಮುಖಿಯ ಮೇಲೆ, ಗಂಡ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ ಇದ್ದರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ, ಯಾರನ್ನೂ ದೂರುವ ಹಾಗಿಲ್ಲ. ನನ್ನವಳು ಭೂಕಂಪದ ಬಗ್ಗೆ ಓದಿದವಳು. ಕೆರಿಬಿಯನ್ ಕಡೆಯ ಪುಟ್ಟ ದ್ವೀಪವೊಂದರಲ್ಲಿ, ಶತಮಾನಗಳಿಂದ ಮಲಗಿರುವ ಬೆಟ್ಟದ ಮೇಲೆ ಕಣ್ಣಿಟ್ಟಿರುವುದು ಅವಳ ಕೆಲಸ. ಒಪ್ಪಂದ ಮುಗಿಯುವ ತನಕ ಅವಳು ಬರುವಂತಿಲ್ಲ. ನನ್ನ ವೀಸಾ ನವೀಕರಣಕ್ಕೆ ಹೋಗಿ ಕೂತಿದೆ, ಈಗ ದೇಶ ಬಿಟ್ಟರೆ ವಾಪಸು ಬಿಡುತ್ತಾರೆಂಬ ಖಾತ್ರಿಯಿಲ್ಲ. ಹಾಗಾಗಿ ನಾನೂ ಹೋಗುವಂತಿಲ್ಲ. ಮದುವೆಯಾಗಿ ಇನ್ನೂ ಹೊಸತು.

ಹೋಳಿಗೆ

ಯುಗಾದಿಗೆ ಈಸ್ಟ್ ಬ್ರನ್ಸ್‌ವಿಕ್‌ನ ಆಂಟಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಹೆಂಡತಿ ಎಲ್ಲಿ ಅಂದರು, ಹೇಳಿದೆ. ಬೆಟ್ಟ ಬೆಂಕಿ ಉಗುಳುತ್ತಾ ಅಂದರು. ಇಲ್ಲ, ಮಲಗಿದೆ, ಆದರೆ ಅಡಿಯಲ್ಲಿ ಕರಗಿದ ಕಲ್ಲಿದೆ, ಅದು ಜರುಗಿದರೆ ನೆಲ ಸಣ್ಣಗೆ ನಡುಗುತ್ತೆ, ಬಿಸಿನೀರಿನ ಬುಗ್ಗೆಗಳಲ್ಲಿ ಗಂಧಕದ ವಾಸನೆ ಹೆಚ್ಚುತ್ತೆ, ಅದಕ್ಕೇ ಕಾಯಬೇಕು ಎಂದು ನನಗೆ ತಿಳಿದಷ್ಟು ವಿಜ್ಞಾನವನ್ನೆಲ್ಲ ಬಡಿಸಿದೆ. ಆಂಟಿ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

"ಮಲಗಿರೋ ಬೆಟ್ಟ ಕಾಯೋಕೆ ಅವಳಿದಾಳೆ. ನಿದ್ದೆಗೆಟ್ಟಿರೋ ನಿನ್ನ ಕಾಯೋರು ಯಾರಪ್ಪ?"

ಎರಡು ಮುಳ್ಳು

ಬೆಟ್ಟದ ಮೇಲೆ ಫೋನಿನ ಸಿಗ್ನಲ್ ಇಲ್ಲ. ಆದರೆ ಕಂಪನ ಅಳೆಯುವ ಯಂತ್ರದ ಗೆರೆ ರೇಡಿಯೊ ಮೂಲಕ ಕೆಳಗಿನ ಕಚೇರಿಗೆ ಹೋಗಿ, ಅಲ್ಲಿಂದ ಇಂಟರ್ನೆಟ್ಟಿಗೆ ಬರುತ್ತದೆ. ಯಾರು ಬೇಕಾದರೂ ನೋಡಬಹುದು. ಮನೆ ತಲುಪಿದೆ ಎನ್ನಲು ಮಿಸ್ಡ್ ಕಾಲ್ ಕೊಟ್ಟು ಬೆಳೆದ ಜನ ನಾವು, ಸುಮ್ಮನಿರುತ್ತೇವೆಯೇ? ಮೇಲೆ ತಲುಪಿದ ಕೂಡಲೇ ಅವಳು ಯಂತ್ರದ ಪಕ್ಕ ಎರಡು ಸಲ ಕುಪ್ಪಳಿಸುತ್ತಾಳೆ. ನನ್ನ ಆಫೀಸಿನ ಪರದೆಯಲ್ಲಿ ಆ ಗೆರೆಯ ಮೇಲೆ ಎರಡು ಮುಳ್ಳು ಏಳುತ್ತವೆ. ಆಮೇಲೆಯೇ ನನಗೆ ಊಟ ಗಂಟಲಲ್ಲಿ ಇಳಿಯುವುದು.

ಒಂದು ದಿನ ಮ್ಯಾನೇಜರ್ ಬೆನ್ನ ಹಿಂದೆ ನಿಂತು, ಇದು ಯಾವ ಕಂಪನಿಯ ಶೇರು ಎಂದು ಕೇಳಿದ. ಶೇರಲ್ಲ, ನನ್ನ ಹೆಂಡತಿ ಎಂದೆ. ಸ್ವಲ್ಪ ಹೊತ್ತು ಗೆರೆಯನ್ನೂ ನನ್ನನ್ನೂ ನೋಡಿ, ರಜೆ ಬೇಕಿದ್ದರೆ ಸಂಕೋಚಪಡಬೇಡ ಎಂದು ಮೆಲ್ಲಗೆ ಹೇಳಿ ಹೋದ.

ದೋಸೆ

ವರ್ಕ್ ಫ್ರಮ್ ಹೋಮ್ ಇದ್ದ ಒಂದು ಬೆಳಿಗ್ಗೆ ನ್ಯೂಜೆರ್ಸಿಯೇ ನಡುಗಿತು. ಮೇಲಿನ ಮನೆಯವರ ವಾಷಿಂಗ್ ಮೆಷಿನ್ ಇರಬೇಕೆಂದು ನಾನು ದೋಸೆ ತಿರುವಿ ಹಾಕಿದೆ. ಭೂಕಂಪವೆಂದು ತಿಳಿದದ್ದು ಫೋನಿಗೆ ಸಂದೇಶ ಬಂದ ಮೇಲೆ. ಸಂಜೆ ಬೆಟ್ಟ ಇಳಿದು ಬಂದು ಅವಳು ಫೋನ್ ಮಾಡಿದಾಗ ದನಿ ಒದ್ದೆಯಾಗಿತ್ತು. ಪಾಪ ಹೆದರಿದ್ದಾಳೆ ಎಂದು ಸಮಾಧಾನಕ್ಕೆ ಶುರುಮಾಡಿದರೆ, ಅದು ಹೊಟ್ಟೆಕಿಚ್ಚು. ಅಲ್ಲಿ ಬರುವ ನಡುಕಗಳೆಲ್ಲ ಯಂತ್ರಕ್ಕೆ ಮಾತ್ರ ಗೊತ್ತಾಗುವಷ್ಟು ಸಣ್ಣವಂತೆ. ಇಷ್ಟು ಓದಿದರೂ ಅವಳ ಕಾಲಡಿಯ ನೆಲ ಒಮ್ಮೆಯೂ ನಡುಗಿರಲಿಲ್ಲ.

"ನಡುಕ ಹುಡುಕ್ಕೊಂಡು ನಾನು ಇಷ್ಟು ದೂರ ಬಂದೆ ಕಣೋ. ಅದು ನಮ್ಮನೆಗೇ ಬಂದು ಹೋಗಿದೆ. ನೀನು ದೋಸೆ ಹಾಕ್ತಿದ್ದೆ."

ಕೇಂದ್ರ

ಮದುವೆಯ ವಾರ್ಷಿಕೋತ್ಸವದ ಹಿಂದಿನ ದಿನ ಫೋನಿನಲ್ಲಿ, ನನ್ನ ನೆನಪು ಎಷ್ಟು ಬರುತ್ತೆ ಎಂದು ಕೇಳಿದ್ದೆ. ಬಾಯಲ್ಲಿ ಹೇಳಲ್ಲ, ನಾಳೆ ಗೆರೆ ನೋಡು ಅಂದಳು.

ಮರುದಿನ ಎರಡು ಮುಳ್ಳು ಎದ್ದವು. ಮೂರನೆಯದೂ ಎದ್ದಿತು. ಆಮೇಲೆ ನಿಲ್ಲಲೇ ಇಲ್ಲ, ಪರದೆಯೆಲ್ಲ ಗೀಚಿದ ಹಾಗಾಯಿತು. ಮೊದಲು ನಕ್ಕೆ. ಆಮೇಲೆ ಕಣ್ಣು ತುಂಬಿ ಗೆರೆಯೇ ಕಾಣದಾಯಿತು. ಅವಳನ್ನೊಮ್ಮೆ ಹತ್ತಿರದಿಂದ ನೋಡಬೇಕು, ಬೇರೇನೂ ಬೇಡವಾಗಿತ್ತು ನನಗೆ.

ಅಷ್ಟರಲ್ಲಿ ಅಲ್ಲಿ ಕೆಳಗಿನ ಕಚೇರಿಯಲ್ಲಿ ಎಚ್ಚರಿಕೆಯ ಗಂಟೆ ಹೊಡೆದಿದೆ. ನಿಜವಾದ ಕಂಪನವಾದರೆ ಬೆಟ್ಟದ ಎಲ್ಲ ಯಂತ್ರಗಳಲ್ಲೂ ಕಾಣಬೇಕು, ಇದು ಒಂದರಲ್ಲಿ ಮಾತ್ರ. ಅವಳ ಮೇಲಧಿಕಾರಿ, ಆ ದ್ವೀಪದವರೇ ಆದ ಹಿರಿಯ ಹೆಂಗಸು, ಜೀಪು ಹತ್ತಿ ಮೇಲೆ ಹೋಗಿ ನೋಡಿದರೆ ಇವಳು ಬೆವರಿಳಿಸಿಕೊಂಡು ಇನ್ನೂ ಕುಪ್ಪಳಿಸುತ್ತಿದ್ದಾಳೆ.

ಸಂಜೆ ಆಕೆಯೇ ವಿಡಿಯೊ ಕಾಲ್‌ನಲ್ಲಿ ಬಂದರು. ಪಕ್ಕದಲ್ಲಿ ನನ್ನವಳು ತಲೆ ತಗ್ಗಿಸಿ ನಿಂತಿದ್ದಳು. ತಪ್ಪು ನನ್ನದೇ, ಅವಳ ಕೆಲಸಕ್ಕೆ ತೊಂದರೆ ಮಾಡಬೇಡಿ ಎಂದು ಕೇಳಿಕೊಂಡು, ವರದಿಯಲ್ಲಿ ಏನೆಂದು ಬರೆದಿರಿ ಎಂದು ತೊದಲಿದೆ. ಆಕೆ ಕನ್ನಡಕ ತೆಗೆದು ಒರೆಸಿಕೊಂಡರು.

"ಇದ್ದದ್ದನ್ನೇ ಬರೆದೆ. ಬೆಟ್ಟ ಮಲಗಿದೆ. ಕಂಪನದ ಕೇಂದ್ರ, ನ್ಯೂಜೆರ್ಸಿ."